ಒಂದು ಡಬ್ಬಿಯೊಳಗೆ ಎಂಟು ಸಂಸಾರ

ನೆಟ್ಟಗೆ ನಡೆಯುತ್ತಿರುವ ಯಂತ್ರವನ್ನು ಇನ್ನಷ್ಟು ನೆಟ್ಟಗೆ ಮಾಡಲು ಹೋಗುವವರು ಇರುವತನಕ ನಗುವವರಿಗೆ ಬರಗಾಲವಿಲ್ಲ. ದಾಂಡೇಲಿ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಕ್ಲಾಸು ನಡೆಸಿದ ವರ್ಷಗಳಲ್ಲಿ ಇದು ನನಗೆ ಮತ್ತೆ ಮತ್ತೆ ಮನದಟ್ಟಾಗಿದೆ. ಆಯಾ ಹೊತ್ತಿಗೆ ಎದೆ ಡವಡವ ಎನ್ನುತ್ತಿತ್ತು. ನಗು ಬಂದದ್ದೆಲ್ಲ ಆಮೇಲೆ.

೧. ಸೊಸೆಯಂದಿರು ಬರುವ ಮೊದಲು

ಎರಡು ಸಾವಿರದ ಎಂಟರ ಸುಮಾರಿನ ಮಾತು. ನನ್ನ ಕ್ಲಾಸಿನಲ್ಲಿ ಎಂಟು ಪರದೆ, ಎಂಟು ಕೀಬೋರ್ಡು ಇದ್ದವು. ಕಂಪ್ಯೂಟರ್ ಮಾತ್ರ ಒಂದೇ. ಮೂಲೆಯಲ್ಲಿ ಗುಂಯ್ ಎನ್ನುತ್ತ ಕೂತಿರುವ ದೊಡ್ಡ ಡಬ್ಬಿ. ಅದರೊಳಗಿನ ಒಂದು ಸಾಫ್ಟ್‌ವೇರು ಅದೊಂದನ್ನೇ ಎಂಟು ಕಂಪ್ಯೂಟರ್ ಮಾಡಿ ನಡೆಸುತ್ತಿತ್ತು. ಒಂದು ದೊಡ್ಡ ಮನೆಯಲ್ಲಿ ಎಂಟು ಮಂದಿ ಅಣ್ಣತಮ್ಮಂದಿರು ಒಂದೊಂದು ಕೋಣೆ ಹಿಡಿದು ಸಂಸಾರ ಮಾಡಿದಂತೆ. ಯಾರ ಕೋಣೆಗೆ ಎಷ್ಟು ಮೆಮೊರಿ ಎಂದು ಹಂಚುವುದಕ್ಕೆ ಎಲ್ಲರ ಮೇಲೆ ಒಂದು ಪ್ರೋಗ್ರಾಮು. ಅದಕ್ಕೆ ನಾವು ‘ಯಜಮಾನ’ ಎಂದು ಹೆಸರಿಟ್ಟಿದ್ದೆವು.

ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಇಂಗ್ಲಿಷ್ ಪುಸ್ತಕ ಮುಂದೆ, ನಿಘಂಟು ಮಗ್ಗುಲಲ್ಲಿ ಇಟ್ಟುಕೊಂಡು ಓದಿ ಓದಿ ಇದನ್ನು ನಾನೇ ಕೂಡಿಸಿದ್ದೆ. ಹುಬ್ಬಳ್ಳಿಯಿಂದ ಬಂದ ಕಂಪ್ಯೂಟರ್ ರಿಪೇರಿಯವರು ಇದು ನಡೆಯುವುದಿಲ್ಲ ಎಂದು ಹೇಳಿ ಹೋಗಿದ್ದರು. ಆದ್ದರಿಂದಲೇ ನಡೆಸಿದೆ.

ಒಂದು ದಿನ ಹಳಿಯಾಳದ ಕಡೆಯ ರೈತರೊಬ್ಬರು ಮಗಳನ್ನು ಸೇರಿಸಲು ಬಂದರು. ಬಗ್ಗಿ ಮೇಜುಗಳ ಕೆಳಗೆಲ್ಲ ನೋಡಿ, ಉಳಿದ ಕಂಪ್ಯೂಟರ್ ಎಲ್ಲಿವೆ ಎಂದು ಕೇಳಿದರು. ಅಣ್ಣತಮ್ಮಂದಿರ ಉದಾಹರಣೆ ಕೊಟ್ಟು ತಿಳಿಸಿದೆ. ಅವರು ಡಬ್ಬಿಯನ್ನು ಬಹಳ ಹೊತ್ತು ನೋಡಿದರು.

“ಎಂಟು ಮಂದಿ ಒಂದ ಮನ್ಯಾಗ. ಜಗಳ ಆಗೂದಿಲ್ಲೇನ್ರಿ?”

ಇಲ್ಲಿಯವರೆಗೂ ಆಗಿಲ್ಲ ಎಂದೆ.

“ಹಂಗಾರ ಸೊಸ್ತ್ಯಾರು ಇನ್ನೂ ಬಂದಿಲ್ಲ ಬಿಡ್ರಿ.”

೨. ಓದಿದವರಿಗೆ ಫೋನು

ಸೊಸೆ ಬಂದಳು. ಸಾಫ್ಟ್‌ವೇರಿನ ಹೊಸ ಆವೃತ್ತಿಯ ರೂಪದಲ್ಲಿ.

ಆ ವರ್ಷ ಕಂಪ್ಯೂಟರ್ ಪರೀಕ್ಷೆಗೆ ದಾಂಡೇಲಿಯಲ್ಲೇ ಕೇಂದ್ರ ಕೊಡಿ ಎಂದು ನಾನು ಹಟ ಹಿಡಿದಿದ್ದೆ. ನನ್ನ ಕ್ಲಾಸಿಗೆ ಜೊಯಿಡಾ ಕಡೆಯಿಂದ ಹುಡುಗಿಯರು ಬರುತ್ತಿದ್ದರು. ಪರೀಕ್ಷೆ ಕಾರವಾರದಲ್ಲಿ ಎಂದರೆ ಅವರ ಮನೆಯವರು ಕಳಿಸುತ್ತಿರಲಿಲ್ಲ. ಅವರಲ್ಲಿ ಕುಂಬಾರವಾಡದ ಒಬ್ಬ ಹುಡುಗಿಯ ಅಪ್ಪ ನನ್ನ ಮುಂದೆ ಕೂತು, ದಾಂಡೇಲಿಯಾದರೆ ಮಗಳು ಸಂಜೆ ಬಸ್ಸಿಗೆ ಮನೆ ಸೇರುತ್ತಾಳೆ, ಕಾರವಾರವಾದರೆ ಓದು ಇಲ್ಲಿಗೆ ಸಾಕು, ವರ ನೋಡಿಟ್ಟಿದ್ದೇವೆ ಎಂದು ಹೇಳಿ ಹೋಗಿದ್ದ. ಹುಡುಗಿ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಪರೀಕ್ಷೆ ನಡೆಸುವ ಇಲಾಖೆಯವರು ಒಪ್ಪಿದರು, ಎರಡು ಷರತ್ತಿನ ಮೇಲೆ. ಸಾಫ್ಟ್‌ವೇರು ಹೊಸದಿರಬೇಕು. ಸೋಮವಾರ ಅವರ ಸಾಹೇಬರು ನೋಡಲು ಬಂದಾಗ ಎಂಟೂ ಕಂಪ್ಯೂಟರ್ ಒಟ್ಟಿಗೆ ನಡೆಯುತ್ತಿರಬೇಕು. ನಾನು ಶನಿವಾರ ಹೊಸ ಆವೃತ್ತಿ ಹಾಕಿದೆ. ನಾಲ್ಕು ಕಂಪ್ಯೂಟರ್ ಎದ್ದವು. ಐದನೆಯದಕ್ಕೆ ಮೆಮೊರಿ ಸಾಲದು ಎಂದು ಬಂತು. ನಿನ್ನೆಯವರೆಗೆ ಸಾಲುತ್ತಿದ್ದುದು ಇವತ್ತು ಹೇಗೆ ಸಾಲದು? ಡಬ್ಬಿ ಬಿಚ್ಚಿ ನೋಡಿದೆ. ಒಳಗೆ ಎಲ್ಲ ಇದ್ದಲ್ಲೇ ಇತ್ತು. ಇನ್ನೊಂದು ಮೆಮೊರಿ ಪಟ್ಟಿ ಕೂಡಿಸೋಣವೆಂದರೆ ಜಾಗವೇ ಇರಲಿಲ್ಲ.

ಸಾಫ್ಟ್‌ವೇರು ಕೊಟ್ಟ ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿದೆ. ಅಲ್ಲಿಯ ಎಂಜಿನಿಯರು ಬಂದ್ ಮಾಡಿ ಚಾಲೂ ಮಾಡಿ ಎಂದ. ಮಾಡಿದ್ದೇನೆ ಎಂದೆ. ಇನ್ನೊಮ್ಮೆ ಮಾಡಿ ಎಂದ. ಎಂಟು ಸಂಸಾರದ ಕತೆಯನ್ನೆಲ್ಲ ಹೇಳಿದೆ. ಅವನು ಬೇಸರದಿಂದ, “ಬಾಯಾರ, ಅಲ್ಲೆ ಓದಿದವರು ಯಾರರ ಇದ್ರ ಅವರ ಕಡೆ ಫೋನ್ ಕೊಡ್ರಿ” ಎಂದ.

ಫೋನನ್ನು ಎಡಗಿವಿಯಿಂದ ತೆಗೆದು ಬಲಗಿವಿಗೆ ಇಟ್ಟುಕೊಂಡು, ದನಿ ಸ್ವಲ್ಪ ದಪ್ಪ ಮಾಡಿ, “ಹಾಂ, ಹೇಳ್ರಿ” ಎಂದೆ.

ಅವನು ಮೊದಲಿನಿಂದ ಶುರು ಮಾಡಿದ. ಈ ಸಲ ಬಲು ಮರ್ಯಾದೆಯಿಂದ, ಮೇಡಂ ಮೇಡಂ ಎನ್ನುತ್ತ. ಬಂದ್ ಮಾಡಿ ಚಾಲೂ ಮಾಡಬೇಕಂತೆ.

೩. ಮಾವನವರ ಗುಂಡಿ

ನನ್ನ ಜೊತೆ ಕಲಿಸಲು ಹಳಿಯಾಳದ ಹುಡುಗಿಯೊಬ್ಬಳಿದ್ದಳು. ಮಕ್ಕಳು ಅವಳನ್ನು ಟೀಚರ್ ಎನ್ನುತ್ತಿದ್ದರು. ಕೆಲಸದಲ್ಲಿ ಚುರುಕು, ಸ್ವಭಾವದಲ್ಲಿ ಬೆಣ್ಣೆ. ಯಾರಿಗೂ ಇಲ್ಲ ಎನ್ನಲಾರದವಳು.

ಹುಬ್ಬಳ್ಳಿಯವನು ಕೊನೆಗೆ, ಪರದೆಯ ಮೇಲೆ ಬರುವ ತಪ್ಪಿನ ಮಾತನ್ನು ಅಕ್ಷರ ಬಿಡದೆ ಓದಿ ಹೇಳಿ ಎಂದ. ಐದನೆಯ ಕಂಪ್ಯೂಟರ್ ಮತ್ತೆ ಎಬ್ಬಿಸಿದೆವು. ತಪ್ಪಿನ ಚೌಕ ಬಂತು. ನಾನು ಕನ್ನಡಕ ಹಾಕಿಕೊಳ್ಳುವುದರೊಳಗೆ ಮಾಯವಾಯಿತು. ಇನ್ನೊಮ್ಮೆ. ಬಂತು, ಹೋಯಿತು. ಡಬ್ಬಿ ಪೂರಾ ಕೆಟ್ಟೇಹೋಯಿತು ಎಂದುಕೊಂಡೆ. ಮೂರನೆಯ ಸಲ ಪರದೆ ಬಿಟ್ಟು ಟೀಚರ ಕೈ ನೋಡಿದೆ. ಚೌಕ ಬಂದ ಕೂಡಲೇ ಅವಳ ಬೆರಳು ಅದರ ಕೆಳಗಿನ ‘ಓಕೆ’ ಎಂಬ ಗುಂಡಿ ಒತ್ತಿ ಮುಗಿಸುತ್ತಿತ್ತು.

ಯಾಕವ್ವಾ ಎಂದು ಕೇಳಿದೆ. ತಪ್ಪು ಬಂದದ್ದು ನೋಡಿದರೆ ನನಗೆ ಸಿಟ್ಟು ಬರುತ್ತದಲ್ಲ, ಅದಕ್ಕೇ ನಾನು ನೋಡುವ ಮೊದಲೇ ಒತ್ತಿಬಿಡುವ ರೂಢಿ ಎಂದಳು. ಆಮೇಲೆ ಮುಖ ಸಪ್ಪೆ ಮಾಡಿಕೊಂಡು, “ಅಲ್ರಿ ಅಕ್ಕಾರ, ತಪ್ಪು ಅಂತ ಬೈಯ್ಯೂದೂ ಅದ, ಓಕೆ ಅನ್ನು ಅಂತ ಕುತ್ತಿಗಿ ಮ್ಯಾಲೆ ಕೂಡೂದೂ ಅದ. ನಾವರ ಏನ್ ಮಾಡೂಣ್ರಿ?” ಎಂದಳು.

ನನ್ನ ಸಿಟ್ಟು ಇಳಿದುಹೋಯಿತು. ಅಂಥ ಮಾವನ ಮನೆಯಲ್ಲಿ ನಾನೂ ಸಂಸಾರ ಮಾಡಿದವಳು.

೪. ಕರೆದವರೆಲ್ಲ ಬಂದಾಗ

ಭಾನುವಾರ ಹುಬ್ಬಳ್ಳಿಯವನು ಫೋನು ಎತ್ತಲಿಲ್ಲ. ಹೊಸ ಆವೃತ್ತಿಯ ಜೊತೆ ಬಂದಿದ್ದ ಪುಸ್ತಿಕೆ ತೆಗೆದು, ನಿಘಂಟು ಬಿಚ್ಚಿ ಕೂತೆ. ಒಂದು ಪುಟ ಓದುವುದರಲ್ಲಿ ಚಹಾ ಆರಿ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗಂಟು ಸಿಕ್ಕಿತು.

ನಮ್ಮ ಕಡೆ ಮದುವೆಗೆ ಕರೆಯುವ ರೀತಿ ಎಲ್ಲರಿಗೂ ಗೊತ್ತು. ಮನೆಮಂದಿಯೆಲ್ಲ ಬರಬೇಕು, ಒಲೆ ಹಚ್ಚಬಾರದು ಎಂದು ಕೈ ಹಿಡಿದು ಹೇಳುತ್ತೇವೆ. ಅಕ್ಕಿ ಹಾಕುವಾಗ ಮಾತ್ರ ಮನೆಗೊಬ್ಬರ ಲೆಕ್ಕ. ಬರುವವರೂ ಮನೆಗೊಬ್ಬರೇ. ಹಳೆಯ ಯಜಮಾನನದೂ ಇದೇ ಪದ್ಧತಿಯಾಗಿತ್ತು. ಪ್ರತಿ ಕಂಪ್ಯೂಟರಿಗೆ ಎಷ್ಟು ಮೆಮೊರಿ ಎಂದು ಬರೆದರೂ ಹೂಂ ಎನ್ನುತ್ತಿದ್ದ, ಕೊಡುವಾಗ ಬೇಕಾದಷ್ಟೇ ಕೊಡುತ್ತಿದ್ದ. ಹೊಸ ಯಜಮಾನ ಆಡಿದ ಮಾತನ್ನು ನಿಜವೆಂದು ಹಿಡಿಯುವ ಆಸಾಮಿ. ಬರೆದಷ್ಟನ್ನೂ ಮೊದಲೇ ಎಲೆಗೆ ಬಡಿಸಿಟ್ಟುಬಿಡುತ್ತಿದ್ದ. ನಾಲ್ಕು ಎಲೆಗೆ ಪಾತ್ರೆ ಬರಿದು.

ಅಷ್ಟೊಂದು ಬರೆದವರು ಯಾರು? ಟೀಚರು ನೆಲ ನೋಡಿದಳು. ನನ್ನ ಕಂಪ್ಯೂಟರ್ ನಿಧಾನ, ಸ್ವಲ್ಪ ಹೆಚ್ಚು ಹಾಕಿರಿ ಎಂದು ಕಲಿಯುವ ಹುಡುಗಿಯೊಬ್ಬಳು ಕೇಳಿದ್ದಳಂತೆ, ಹಾಕಿದಳು. ಪಕ್ಕದವಳಿಗೆ ಬೇಸರವಾಗಬಾರದೆಂದು ಅವಳಿಗೂ ಹಾಕಿದಳು. ಹಾಗೆಯೇ ಪಂಕ್ತಿ ಪೂರಾ. ಬೇಡ ಎಂದವರಿಗೂ ಬಡಿಸಿದ್ದಳು.

ಮದುವೆಯ ಉದಾಹರಣೆ ಅವಳಿಗೆ ಚೆನ್ನಾಗಿ ತಾಗಿತು.

“ನಮ್ಮಕ್ಕನ ಮದಿವ್ಯಾಗ ಹಿಂಗ ಆಗಿತ್ರಿ ಅಕ್ಕಾರ. ಕರದವರೆಲ್ಲಾ ಬಂದಬಿಟ್ರು.”

ಏನು ಮಾಡಿದಿರಿ ಎಂದು ಆಸೆಯಿಂದ ಕೇಳಿದೆ.

“ಒಂದೊಂದ ಸೌಟು ಕಡಿಮಿ ಹಾಕಿದ್ವಿ. ಎಲ್ಲಾರಿಗೂ ಮುಟ್ಟಿತ್ರಿ.” ಸ್ವಲ್ಪ ತಡೆದು, “ಮದುಮಗಗ ಮುಟ್ಟಲಿಲ್ಲ. ಇವತ್ತಿಗೂ ಅಕ್ಕಗ ಆಡಿ ತೋರಸ್ತಾನ್ರಿ” ಎಂದಳು.

೫. ಎಣಿಸಲು ಬಂದ ಸಾಹೇಬರು

ನಾವೂ ಸೌಟು ಕಡಿಮೆ ಮಾಡಿದೆವು. ಸೋಮವಾರ ಬೆಳಿಗ್ಗೆ ಎಂಟೂ ಎದ್ದವು. ಜೊಯಿಡಾ ಬಸ್ಸು ತಡವಾಗಿ ಬಂತು. ಹುಡುಗಿಯರು ಓಡುತ್ತ ಬಂದು ಕೂತರು. ಕುಂಬಾರವಾಡದವಳು ಎಂಟನೆಯ ಪರದೆಯ ಮುಂದೆ. ಅವರ ಹಿಂದೆಯೇ ಸಾಹೇಬರು ಒಳಗೆ ಬಂದರು.

ಕಾರವಾರದ ಆಫೀಸಿನವರು, ವಯಸ್ಸಾದವರು, ಮಾತು ಕಡಿಮೆ. ಎಂಟು ಪರದೆ ಎಣಿಸಿದರು. ಡಬ್ಬಿ ಒಂದೇ ಇರುವುದನ್ನು ನೋಡಿ ಹುಬ್ಬು ಏರಿಸಿದರು. ಒಳಗೆ ಎಂಟಿವೆ ಎನ್ನುವುದಕ್ಕೆ ಏನು ಆಧಾರ, ತೋರಿಸಿ ಎಂದರು. ಯಜಮಾನನನ್ನು ತೆರೆದರೆ ನಡೆಯುತ್ತಿರುವ ಕಂಪ್ಯೂಟರುಗಳ ಹೆಸರು ಸಾಲಾಗಿ ಕಾಣುತ್ತವೆ. ಮೊದಲ ಪರದೆಯ ಮೇಲೆ ಹೆಮ್ಮೆಯಿಂದ ತೆರೆದೆ.

ಸಾಹೇಬರು ಬೆರಳಿಟ್ಟು ಎಣಿಸಿದರು. ಏಳು.

ತಿರುಗಿ ನೋಡಿದೆ. ಕುಂಬಾರವಾಡದ ಹುಡುಗಿ ಕೀಬೋರ್ಡಿನಿಂದ ಕೈ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಅವಳ ಕಂಪ್ಯೂಟರ್ ನಿಂತಿತ್ತು. ಏನಾದರೂ ಮಾಡಬೇಕೆಂದು ಯಜಮಾನನನ್ನು ಮುಚ್ಚಿ ಅವಳ ಬಳಿ ಓಡಿದೆ. ಅಷ್ಟರಲ್ಲಿ ಅದು ತಾನಾಗಿ ನಡೆಯತೊಡಗಿತ್ತು.

ಸಾಹೇಬರು ಕೋಣೆಯಲ್ಲಿ ನಡೆಯುತ್ತಿದ್ದ ಪರದೆಗಳನ್ನು ಎಣಿಸಿದರು. ಎಂಟು. ಇನ್ನೊಮ್ಮೆ ಆಧಾರ ತೋರಿಸಿ ಎಂದರು. ತೆರೆದೆ. ಏಳು. ಮುಚ್ಚಿದೆ. ಎಂಟು. ಅವರು ಒಮ್ಮೆ ಕೋಣೆ, ಒಮ್ಮೆ ಪರದೆ ನೋಡುತ್ತ, ಕಣ್ಣಿನ ಪರೀಕ್ಷೆಗೆ ಬಂದವರಂತೆ ಕನ್ನಡಕ ತೆಗೆದು ಒರೆಸಿಕೊಂಡರು.

ಟೀಚರು ನನ್ನ ಕಿವಿಯಲ್ಲಿ, “ಅಕ್ಕಾರ, ಬಡಸೂ ಯಜಮಾನನೇ ಒಂದ ಎಲಿ ಉಣ್ಣಾಕತ್ಯಾನ್ರಿ” ಎಂದಳು. ಅವಳ ಮಾತು ಖರೆ. ಹೊಸ ಯಜಮಾನ ಮೈ ಬೆಳೆಸಿಕೊಂಡಿದ್ದ. ಅವನನ್ನು ತೆರೆದರೆ ಅವನಿಗೇ ಒಂದು ಕಂಪ್ಯೂಟರಿನಷ್ಟು ಮೆಮೊರಿ ಬೇಕು. ಕಡೆಯದಾಗಿ ಎದ್ದದ್ದನ್ನು ನಿಲ್ಲಿಸಿ ಅದರ ಪಾಲು ತಾನು ತಿನ್ನುತ್ತಿದ್ದ. ಮುಚ್ಚಿದರೆ ಬಿಟ್ಟುಕೊಡುತ್ತಿದ್ದ. ಅಂದರೆ ಎಂಟು ನಡೆಯುವಾಗ ಎಂಟಿವೆ ಎಂದು ತೋರಿಸಲಾಗದು. ತೋರಿಸಲು ಹೋದರೆ ಎಂಟಿರುವುದಿಲ್ಲ.

ಇದನ್ನು ಸರಕಾರಿ ಮನುಷ್ಯನಿಗೆ ಯಾವ ಭಾಷೆಯಲ್ಲಿ ಹೇಳುವುದು? ಹುಡುಗಿಯ ಅಪ್ಪನ ಮುಖ ಕಣ್ಣ ಮುಂದೆ ಬಂತು. ಸುಳ್ಳು ಹೇಳುವ ಜಾಯಮಾನ ನನ್ನದಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಸಾಹೇಬರೇ, ಎಂಟೂ ಇವೆ. ಆದರೆ ಎಣಿಸುವವನು ಬಂದು ಕೂತ ಕೂಡಲೇ ಅವನ ಸಲುವಾಗಿ ಒಂದು ಜಾಗ ಬಿಟ್ಟು ಏಳಬೇಕಾಗುತ್ತದೆ. ಹೀಗೆಂದು ಹೇಳಿ ಮುಗಿಸುವಾಗ ನನ್ನ ಮಾತು ನನಗೇ ಹುಚ್ಚಿನಂತೆ ಕೇಳಿಸಿತು.

ಸಾಹೇಬರು ಪೆನ್ನು ತೆಗೆದರು. ‘ಎಂಟು’ ಎಂದು ಬರೆದರು. ಕೇಂದ್ರ ಮಂಜೂರು ಎಂದು ಸಹಿ ಮಾಡಿದರು. ನನ್ನ ಕಡೆ ತಿರುಗಿ, ಮೊದಲ ಸಲ ನಕ್ಕರು.

“ಅದಕ್ಯಾಕ ಅಷ್ಟ ಅಂಜತೀರಿ ಬಾಯಾರ? ನಮ್ಮ ಆಫೀಸಿನ್ಯಾಗೂ ಹಿಂಗ. ಮ್ಯಾಲಿನವರು ಮಂದಿ ಎಣಸಾಕ ಬಂದಾಗೆಲ್ಲಾ ಒಬ್ಬಾಂವ ಅವರಿಗೆ ಚಾ ತರಾಕ ಹೋಗಿರ್ತಾನ. ಮೂವತ್ತ ವರ್ಷಾತು, ಲೆಕ್ಕ ಒಮ್ಮಿನೂ ಕೂಡಿಲ್ಲ.”