ಅಮ್ಮೀಜಾನ್ ಕಲಿತ ನಾರ್ವೆ ಮಾತು

ನನ್ನ ನೆನಪನ್ನು ನಾನು ನಂಬುವುದಿಲ್ಲ. ಇದು ವಿನಯದ ಮಾತಲ್ಲ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತತ್ತ್ವಶಾಸ್ತ್ರ ಓದಿ ಸಂಪಾದಿಸಿಕೊಂಡ ಕಾಯಿಲೆ. ಎದುರಿಗಿರುವ ಮೇಜು ನಿಜವಾಗಿ ಇದೆಯೇ ಎಂದು ಕೇಳುವುದನ್ನು ಅಲ್ಲಿ ಕಲಿಸಿದರು, ಅದರ ಮೇಲಿಟ್ಟ ಕನ್ನಡಕವನ್ನು ಹುಡುಕುವುದನ್ನು ಕಲಿಸಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ತುಮಕೂರಿನ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದಾಗ, ಬೆಳಗಿನ ಕಾಫಿ ಕುಡಿದೆನೋ ಇಲ್ಲವೋ ಎಂಬುದನ್ನೂ ಹೆಂಡತಿ ವಿಮಲೆಯನ್ನೇ ಕೇಳುತ್ತಿದ್ದೆ. "ಎರಡ್ಸಲ ಆಯ್ತು" ಎಂದು ಅವಳು ತಲೆಯೆತ್ತದೆ ಹೇಳುತ್ತಿದ್ದಳು.

ಇಂಥವನಿಗೆ ನಾರ್ವೆ ದೇಶದ ಎರಡು ಮಾತು ಮಾತ್ರ ಸ್ಪಷ್ಟವಾಗಿ ನೆನಪಿತ್ತು. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ನಾರ್ವೆಯಿಂದ ಸಂಶೋಧನೆಗೆಂದು ಬಂದ ಒಬ್ಬ ಯುವಕನಿದ್ದ. ಹೆಸರು ಮರೆತಿದೆ, ಸ್ನಾನ ಮುಗಿಸಿ ಬಂದ ಅವನ ಒದ್ದೆ ಕೂದಲು ಮರೆತಿಲ್ಲ. ಬೆಟ್ಟ ನೀಲಿಯಾಗಿ, ಆಮೇಲೆ ಬೂದುಬಣ್ಣವಾಗಿ, ಕೊನೆಗೆ ಬರೀ ಒಂದು ಗೆರೆಯಾಗಿ ಉಳಿಯುವ ಹೊತ್ತಿನಲ್ಲಿ ನಾವಿಬ್ಬರೂ ತಾರಸಿಯ ಮೇಲೆ ಕೂರುತ್ತಿದ್ದೆವು. ಸಂಜೆ ಯಾರನ್ನಾದರೂ ಕಂಡರೆ "ಗು ಕ್ವೆಲ್" ಅನ್ನಬೇಕು, ಆಮೇಲೆ "ಗು ನಟ್" ಅನ್ನಬೇಕು ಎಂದು ಕಲಿಸಿದ. ಬೇಸಿಗೆಯಲ್ಲಿ ತನ್ನೂರಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎಂದೂ ಹೇಳಿದ. ಹಾಗಾದರೆ ಸಂಜೆಯಾಯಿತೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ಯಾರಾದರೂ ಗು ಕ್ವೆಲ್ ಅಂದಾಗ" ಎಂದ. ಆ ಉತ್ತರವನ್ನು ಇಪ್ಪತ್ತು ದಿನ ಯೋಚಿಸಿದೆ. ನಮ್ಮ ಕಡೆ ಇಂಥ ಮಾತೇ ಇಲ್ಲ. ಸಂಜೆ ಎದುರಾದವರನ್ನು "ಕಾಫಿ ಆಯ್ತಾ?" ಎಂದು ಕೇಳುತ್ತೇವೆ, ಅವರು "ಹ್ಞೂಂ, ನಿಮ್ದು?" ಎನ್ನುತ್ತಾರೆ. ಕತ್ತಲು ತಾನಾಗಿ ಆಗುತ್ತದೆ.

ಈ ವಿದ್ಯೆಯ ಸುದ್ದಿಯನ್ನು ಸ್ಟಾಫ್ ರೂಮಿನಲ್ಲಿ ಬಿಟ್ಟವನು ನಾನೇ ಇರಬೇಕು. ಅದು ಹೇಗೋ ನಮ್ಮ ಬೀದಿಯ ದಸ್ತಗೀರ್ ಸಾಹೇಬರ ಕಿವಿಗೆ ಬಿತ್ತು. ಅವರದು ಹಿರೇಹಳ್ಳಿಯಲ್ಲಿ ಒಂದು ಸಣ್ಣ ವರ್ಕ್‌ಶಾಪು: ಎರಡು ಲೇತು, ಆರು ಜನ ಕೆಲಸಗಾರರು. ಒಂದು ಭಾನುವಾರ ಬಂದು ಜಗಲಿಯ ಮೇಲೆ ಕೂತರು.

"ಸಾರ್, ಕುಣಿಗಲ್ ಕಡೆ ಬೋರ್‌ವೆಲ್ ಕೊರೆಸ್ತಾ ಇದಾರಲ್ಲ, ನಾರ್ವೆ ಎಂಜಿನಿಯರು, ಎರಿಕ್ ಅಂತ. ಅವರ ಮಿಷಿನ್ನಿಗೆ ಬಿಡಿಭಾಗ ಮಾಡೋ ಕೆಲ್ಸ ನಮಗೆ ಸಿಕ್ಕಿದ್ರೆ ಶಾಪು ಉಳಿಯುತ್ತೆ. ಇಲ್ದಿದ್ರೆ ಬೀಗ ಹಾಕಿ ಗುಬ್ಬಿಗೆ ಹೋಗಿ ಭಾಮೈದನ ಸೈಕಲ್ ಅಂಗ್ಡೀಲಿ ಪಂಚರ್ ಹಾಕ್ಬೇಕು. ನಾಳಿದ್ದು ಸಂಜೆ ಅವರನ್ನ ಊಟಕ್ಕೆ ಕರ್ದಿದೀನಿ. ಅಮ್ಮೀದು ಒಂದೇ ಹಟ."

ದಸ್ತಗೀರರ ತಾಯಿ ಅಮ್ಮೀಜಾನ್ ಅವರ ಹಟ ನಮ್ಮ ಬೀದಿಗೆಲ್ಲ ಗೊತ್ತು. ಮನೆಗೆ ಬಂದವರಿಗೆ ಅವರವರ ಮಾತಿನಲ್ಲೇ "ಬನ್ನಿ" ಅನ್ನಬೇಕು. ಮನೆಯಲ್ಲಿ ಉರ್ದು, ನಮ್ಮೊಂದಿಗೆ ಕನ್ನಡ, ಪಾತ್ರೆಯವನೊಂದಿಗೆ ತಮಿಳು, ಬಟ್ಟೆ ಮಾರುವವಳೊಂದಿಗೆ ತೆಲುಗು. ಈಗ ನಾರ್ವೆ.

ಮರುದಿನ ಸಂಜೆ ಪಾಠ ಶುರುವಾಯಿತು. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ನಾನು, ಚಾಪೆಯ ಮೇಲೆ ಅಮ್ಮೀ, ಪರದೆಯ ಹಿಂದೆ ಸೊಸೆ. "ಗು ಕ್ವೆಲ್" ಅವರಿಗೆ ಒಂದೇ ಏಟಿಗೆ ಬಂತು. ಅರವತ್ತೈದರ ಆ ಬಾಯಲ್ಲಿ ಅದು ಎಲೆಯಡಕೆಯ ರಸದೊಂದಿಗೆ ಬೆರೆತು, ನನ್ನ ಗೆಳೆಯನಿಗಿಂತ ಚೆನ್ನಾಗಿ ಕೇಳಿಸಿತು.

"ಇನ್ನೊಂದು ಇದೆ ಅಂದ್ರಲ್ಲ ಮೇಷ್ಟ್ರೇ?"

"ಗು ನಟ್. ಅದು ಹೊರಡುವಾಗ."

"ಯಾರು ಅನ್ನೋದು? ನಾವಾ? ಹೊರಡು ಅಂತ ನಾವೇ ಹೇಳೋದಾ? ತೌಬಾ!"

ನಾನು ಜಾಣನಂತೆ ನಕ್ಕೆ. "ಹೊರಡು ಅಂತ ಅಲ್ಲ ಅಮ್ಮೀ. ರಾತ್ರಿ ಒಳ್ಳೇದಾಗಲಿ ಅಂತ ಹಾರೈಕೆ."

"ದುವಾ ಅನ್ನಿ ಮತ್ತೆ" ಎಂದರು. ಅವರ ಮುಖ ಅರಳಿತು. ದುವಾ ಎಂದರೆ ಅವರಿಗೆ ಹಾರೈಕೆ. ಅದನ್ನು ಬೀದಿಯ ಬೆಕ್ಕಿಗೂ ಬಿಡದೆ ಕೊಡುತ್ತಿದ್ದವರು.

ಎರಿಕ್ ಬಂದ ಸಂಜೆ ಕನಸಿನ ಹಾಗಿತ್ತು. ಸೂರ್ಯ ಆಗ ತಾನೇ ಇಳಿದು, ಅಮ್ಮೀ ಸಂಜೆಯ ನಮಾಜು ಮುಗಿಸಿದ್ದರು. ಬೀದಿಯಲ್ಲಿ ಒಂದೊಂದೇ ಬಲ್ಬು ಹತ್ತುತ್ತಿತ್ತು, ಒಳಗೆ ಬಿರಿಯಾನಿ ದಮ್ಮಿನಲ್ಲಿತ್ತು. ಜೀಪಿನಿಂದಿಳಿದ ಎತ್ತರದ ಮನುಷ್ಯ ತಲೆ ಬಗ್ಗಿಸಿ ಬಾಗಿಲು ದಾಟಿದ. "ಗು ಕ್ವೆಲ್" ಎಂದರು ಅಮ್ಮೀ. ಅವನು ನಿಂತಲ್ಲೇ ನಿಂತ. ಆ ಕೆಂಪು ಮುಖದ ಮೇಲೆ ಮೊದಲು ಅಚ್ಚರಿ, ಆಮೇಲೆ ಮನೆಯ ನೆನಪಿನಂಥ ಏನೋ ಹಾದುಹೋಯಿತು. ಅಮ್ಮೀಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು "ಗು ಕ್ವೆಲ್, ಗು ಕ್ವೆಲ್" ಎಂದ. ದಸ್ತಗೀರ್ ನನ್ನ ಕಡೆ ನೋಡಿದ ನೋಟಕ್ಕೆ ನಾನು ಆರಂಗುಲ ಬೆಳೆದೆ.

ಶರಬತ್ತು ಬಂತು. ಅವನು ಎರಡು ಗುಟುಕು ಕುಡಿದಿರಬಹುದು. ಹಾರೈಕೆಯನ್ನು ಕೊಡಲು ಹೊರಡುವವರೆಗೂ ಯಾಕೆ ಕಾಯಬೇಕು ಎಂದು ಅಮ್ಮೀಗೆ ಅನ್ನಿಸಿತು. ಅವನ ತಲೆಯ ಮೇಲೆ ಕೈಯಿಟ್ಟು, ಎದೆ ತುಂಬಿ, "ಗು ನಟ್" ಎಂದರು. ಪರದೆಯ ಹಿಂದಿನಿಂದ ಸೊಸೆಯೂ "ಗು ನಟ್" ಎಂದಳು. ಹಿಂದುಳಿಯಬಾರದೆಂದು ದಸ್ತಗೀರರೂ ಎಂದರು.

ಎರಿಕ್ ಗಡಿಯಾರ ನೋಡಿದ. ಏಳೂ ಆಗಿರಲಿಲ್ಲ. ಆದರೆ ಸಭ್ಯ ಮನುಷ್ಯ. ಲೋಟ ಕೆಳಗಿಟ್ಟ, ಎದ್ದ, ಎಲ್ಲರಿಗೂ ಬಗ್ಗಿ "ಗು ನಟ್" ಎಂದ, ಹೊರಟೇ ಹೋದ. ನಮ್ಮಲ್ಲಿ "ಬರ್ತೀನಿ" ಎಂದ ಮೇಲೆ ಬಾಗಿಲಲ್ಲಿ ಕಾಲು ಗಂಟೆ, ಗೇಟಿನಲ್ಲಿ ಕಾಲು ಗಂಟೆ ಮಾತು ನಡೆಯಬೇಕು. ಇವನ ಜೀಪು ಅರ್ಧ ನಿಮಿಷದಲ್ಲಿ ತಿರುವಿನಾಚೆ ಇತ್ತು.

"ಏನಾಯ್ತು?" ಎಂದರು ಅಮ್ಮೀ. "ಅನ್ನ ಮುಟ್ಟದೆ ಎದ್ದು ಹೋದ್ರು. ಮೇಷ್ಟ್ರೇ, ಏನನ್ನಿಸಿದ್ರಿ ನನ್ನ ಬಾಯಲ್ಲಿ?"

ಆಗ ತಾರಸಿಯ ಚಿತ್ರ ತಿರುಗಿ ಬಂತು. ನನ್ನ ಗೆಳೆಯ "ಗು ನಟ್" ಎನ್ನುತ್ತಿದ್ದದ್ದು ಚಾಪೆ ಸುತ್ತಿಕೊಂಡು, ಮಲಗಲು ಮೆಟ್ಟಿಲಿಳಿಯುವಾಗ. "ಅದು... ಮಲಗೋ ಹೊತ್ತಿನ ಮಾತು ಅನ್ಸುತ್ತೆ" ಎಂದೆ.

"ಅನ್ಸುತ್ತೆ?" ದಸ್ತಗೀರ್ ಕುರ್ಚಿಯ ಮೇಲೆ ಕುಸಿದರು. "ನಿನ್ನೇನೇ ಅನ್ಸಬಾರ್ದಾಗಿತ್ತಾ ಸಾರ್? ಆರು ಜನರ ಕೆಲ್ಸ ಮಲಗಿಸ್ಬಿಟ್ರಲ್ಲ!"

ಅಮ್ಮೀ ಮಾತ್ರ ಕುಸಿಯಲಿಲ್ಲ. "ಏಳೋ. ಹಂಡೆ ಇಳಿಸಿ ಒಂದು ಪಾತ್ರೆಗೆ ತುಂಬು. ಸ್ಕೂಟರ್ ತೆಗಿ."

ಆ ಪ್ರಯಾಣ ನನ್ನ ಬಾಳಿನ ಅತ್ಯಂತ ಸುಂದರ ನೆನಪುಗಳಲ್ಲಿ ಒಂದು. ದಸ್ತಗೀರರ ಹಿಂದೆ ನಾನು, ನನ್ನ ತೊಡೆಯ ಮೇಲೆ ಬಟ್ಟೆ ಸುತ್ತಿದ ಬಿಸಿ ಪಾತ್ರೆ. ಕೆರೆಯ ಕಡೆಯಿಂದ ತಣ್ಣನೆಯ ಗಾಳಿ, ಆಕಾಶದಲ್ಲಿ ಇನ್ನೂ ಆರದ ಕಿತ್ತಳೆ ಬಣ್ಣ. ಸರ್ಕಾರಿ ಪ್ರವಾಸಿ ಬಂಗಲೆಯ ವರಾಂಡದಲ್ಲಿ ಎರಿಕ್ ಒಬ್ಬನೇ ಬಾಳೆಹಣ್ಣು ಸುಲಿಯುತ್ತ ಕೂತಿದ್ದ. "ಗು ಕ್ವೆಲ್" ಎಂದೆವು. ವಿಷಯ ತಿಳಿದಾಗ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಈ ಊರವರು ಕೋಳಿಗಳ ಜೊತೆಯಲ್ಲೇ ಮಲಗುತ್ತಾರೆಂದು ತಿಳಿದೆ ಎಂದ. ಪಾತ್ರೆ ಅರ್ಧವಾಯಿತು. ಮರುದಿನ ಅವನೇ ಹಿರೇಹಳ್ಳಿಗೆ ಹೋಗಿ ಲೇತು ನೋಡಿ ಕೆಲಸ ಒಪ್ಪಿಸಿದ. ಶಾಪು ಉಳಿಯಿತು, ಬೆಳೆಯಿತು, ಎರಡು ಲೇತು ಐದಾದವು.

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಎಂಟು ಹತ್ತು ವರ್ಷಗಳ ನಂತರ ದಸ್ತಗೀರರ ಮಗಳ ನಿಶ್ಚಿತಾರ್ಥದ ದಿನವೂ, ಅಮ್ಮೀಯ ಎದುರಿನಲ್ಲೇ, ಬೀಗರಿಗೆ ಹೇಳುತ್ತಿದ್ದೆ. ಪಕ್ಕದಲ್ಲಿ ವಿಮಲೆ ಇದ್ದಳು. ಕಥೆಯಲ್ಲಿ ಸ್ಕೂಟರ್ ಕೆರೆಯ ಹತ್ತಿರ ಬರುವಷ್ಟರಲ್ಲಿ ಅಮ್ಮೀ ತಡೆದರು.

"ಮೇಷ್ಟ್ರೇ, ಸ್ಕೂಟರ್ ಹಿಂದೆ ಕೂತಿದ್ದು ನಾನು. ಬುರ್ಖಾ ಚಕ್ರಕ್ಕೆ ಸಿಕ್ಕಿ ಹರೀತಲ್ಲ, ಇನ್ನೂ ಇಟ್ಟಿದೀನಿ. ನೀವು 'ನಾನ್ ಬಂದ್ರೆ ಇನ್ನೊಂದು ತಪ್ಪು ಹೇಳಿಬಿಡ್ತೀನಿ' ಅಂತ ಇಲ್ಲೇ ಕೂತ್ಕೊಂಡ್ರಿ. ಪಾಪ, ಹಸಿದಿದ್ರಿ. ತಟ್ಟೆ ತೊಡೆ ಮೇಲಿಟ್ಕೊಂಡು ಬಿರಿಯಾನಿ ಚೆನ್ನಾಗಿ ಉಂಡ್ರಿ. ಎರಡ್ಸಲ ಹಾಕಿಸ್ಕೊಂಡ್ರಿ ಅಂತ ಸೊಸೆ ಎಷ್ಟು ಖುಷಿಪಟ್ಲು!"

ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ನಾನು ಸಂದೇಹವಾದದ ಎಲ್ಲ ಅಸ್ತ್ರಗಳನ್ನೂ ತೆಗೆದೆ. ಮನುಷ್ಯನ ನೆನಪು ಎಷ್ಟು ದುರ್ಬಲ, ಎಂಟು ವರ್ಷದ ಹಿಂದಿನದನ್ನು ಯಾರು ತಾನೇ ಖಚಿತವಾಗಿ ಹೇಳಬಲ್ಲರು, ಸಾಕ್ಷಿಯ ಮಾತಿಗೂ ಪ್ರಮಾಣ ಬೇಕು, ಇತ್ಯಾದಿ. ಬೀಗರು ಗೌರವದಿಂದ ತಲೆಯಾಡಿಸಿದರು.

ವಿಮಲೆ ಮಾತ್ರ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು: "ಆವತ್ತು ಮನೆಗ್ ಬಂದು, ಸಾಹೇಬರ ಮನೆ ಶರಬತ್ತು ಹೊಟ್ಟೆಗೆ ಹಿಡೀಲಿಲ್ಲ, ಊಟ ಬೇಡ ಅಂತ ಮಲಗಿದ್ರಿ. ನಾನು ರಾತ್ರಿಯೆಲ್ಲ ಜೀರಿಗೆ ಕಷಾಯ ಕಾಸಿ ಕೊಟ್ಟೆ. ನಂಗೆ ಚೆನ್ನಾಗಿ ನೆನಪಿದೆ."