ಕೂಗುವ ಗಾಡಿ, ಕದಲದ ಗಾಲಿ

ಹಿತ್ತಲ ಗೇಟು ತೆಗೆಯಲೆಂದು ಲಿಯಾಂಡರ್ ತನ್ನ ಕ್ವಾಡ್ ಬೈಕನ್ನು ನ್ಯೂಟ್ರಲ್‌ಗೆ ಹಾಕಿ ಇಳಿದ. ಗೇಟು ತೆಗೆದು ಮತ್ತೆ ಹತ್ತಿ ಕೂತು ಗೇರು ಹಾಕಿದ. ಇಂಜಿನ್ನು ಗುಡುಗಿತು. ನಾಲ್ಕು ದಪ್ಪ ಗಾಲಿಗಳು ಮಾತ್ರ ಮುನಿಸಿಕೊಂಡ ಬೀಗರ ಹಾಗೆ ಕೂತಲ್ಲೇ ಕೂತವು. ಮುಂದಿನ ಗೇರು ಹಾಕಿದ, ಹಿಂದಿನದು ಹಾಕಿದ, ಬೈದ, ಬೇಡಿಕೊಂಡ. ಗಾಡಿ ಕೂಗಿತೇ ಹೊರತು ಕದಲಲಿಲ್ಲ.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಒಳಗೆ ಹೋಗಿ ಚಹಾ ಕುಡಿಯುತ್ತಿದ್ದ. ಇವತ್ತು ಹಾಗಲ್ಲ. ಮೂರು ಮೈಲಿ ಆಚೆ, ಗ್ಯಾನೆಟ್ ಜೌಗಿನಲ್ಲಿ ಅವನು ಬೆಳಗಿನ ಜಾವ ಹೊಡೆದ ಮೂಸ್ ಬಿದ್ದಿತ್ತು. ಕುದುರೆಗಿಂತ ಎತ್ತರದ, ಹಲಗೆಯಂಥ ಕೊಂಬಿನ ಗಂಡು ಕಡವೆ. ಚೀಟಿ ಎತ್ತುವಾಗ ಹೆಸರು ಬರಲೆಂದು ನಾಲ್ಕು ವರ್ಷ ಕಾದು ಪಡೆದ ಪರವಾನಗಿ. ನ್ಯೂಫೌಂಡ್‌ಲ್ಯಾಂಡಿನ ಸ್ಕಲ್ಪಿನ್ ಹಾರ್ಬರಿನಲ್ಲಿ ಮೀನಿನ ಕಾರ್ಖಾನೆ ಮುಚ್ಚಿದರೆ ಚಳಿಗಾಲವಿಡೀ ಹೊಟ್ಟೆ ಕಾಯುವುದು ಅದೇ ಮಾಂಸ. ಚರ್ಮ ಸುಲಿದು, ನಾಲ್ಕು ತುಂಡು ಮಾಡಿ, ಸ್ಪ್ರೂಸ್ ಕೊಂಬೆ ಹೊದಿಸಿ, ಟ್ರೈಲರ್ ಒಯ್ಯಲೆಂದು ಓಡಿ ಬಂದಿದ್ದ. ಸೆಪ್ಟೆಂಬರ್ ಮುಗಿಯುತ್ತ ಬಂದರೂ ಅವತ್ತಿನ ಬಿಸಿಲು ನೆತ್ತಿ ಸುಡುತ್ತಿತ್ತು. ಸಂಜೆಯೊಳಗೆ ತರದಿದ್ದರೆ ನೊಣಗಳಿಗೆ ಮದುವೆಯೂಟ.

ಯಾರನ್ನಾದರೂ ಕೂಗಿ ಸಹಾಯ ಕೇಳಬಹುದಿತ್ತು. ಆದರೆ ಮೂಸ್ ಹೊರಲು ಕೈಹಚ್ಚಿದವರಿಗೆಲ್ಲ ಪಾಲು ಕೊಡುವುದು ಆ ಊರಿನ ಪದ್ಧತಿ. ಹೋದ ವರ್ಷ ಪಕ್ಕದ ಮನೆ ಹೆಡ್ಲಿಯ ಮೂಸ್ ಹದಿನಾಲ್ಕು ಮನೆ ಸುತ್ತಿ, ಕೊನೆಗೆ ಹೆಡ್ಲಿಗೆ ಉಳಿದದ್ದು ನಾಲಿಗೆ ಮಾತ್ರ. ಆದ್ದರಿಂದ ಮಾಂಸ ಫ್ರೀಜರ್ ಸೇರುವವರೆಗೆ ಉಸಿರೆತ್ತಬಾರದೆಂದು ಲಿಯಾಂಡರ್ ನಿಶ್ಚಯಿಸಿದ್ದ. ಹೆಂಡತಿ ಡ್ರುಸಿಲ್ಲಾಳಿಗೂ ಹೇಳಿರಲಿಲ್ಲ. ಅವಳಿಗೆ ಹೇಳುವುದೂ ಚರ್ಚಿನ ಗಂಟೆ ಹೊಡೆಯುವುದೂ ಒಂದೇ.

ಇಂಜಿನ್ನಿನ ಕೂಗು ಕೇಳಿ ಬೇಲಿಯ ಮೇಲೆ ಮೊದಲು ಹೆಡ್ಲಿಯ ತಲೆ ಮೂಡಿತು.

"ಏನೋ ಲಿಯಾಂಡರ್, ಗಾಡಿಗೆ ಸಂಗೀತ ಕಲಿಸ್ತಿದ್ದೀಯಾ?"

"ಗೇರ್ ಬೀಳ್ತಿಲ್ಲ ಮಾರಾಯ. ಇದ್ದಕ್ಕಿದ್ದ ಹಾಗೆ."

"ತೋಳಿಗೇನದು ಕೆಂಪು?"

ಲಿಯಾಂಡರ್ ತೋಳನ್ನು ಬೆನ್ನ ಹಿಂದೆ ಸರಿಸಿದ. "ಬೆರಿ ಹಣ್ಣು. ಕೀಳೋಕೆ ಹೋಗಿದ್ದೆ. ಬಕೆಟ್ಟು ಅಲ್ಲೇ ಬಿಟ್ಟು ಬಂದೆ, ಬೇಗ ಹೋಗ್ಬೇಕು."

"ಎಲ್ಲಿ?" ಎಂದಿತು ಎರಡನೆಯ ತಲೆ. ಹೆಡ್ಲಿಯ ಹೆಂಡತಿ ಟ್ರೈಫೀನಾ.

"ಗ್ಯಾನೆಟ್ ಜೌಗಲ್ಲಿ ಅಕ್ಕ," ಎಂದುಬಿಟ್ಟ. ಬಾಯಿಂದ ಬಿದ್ದ ಮಾತನ್ನು ಮತ್ತೆ ನುಂಗಲು ಬರುವಂತಿದ್ದರೆ ಅವನು ಆಗಲೇ ನುಂಗುತ್ತಿದ್ದ.

ಅಷ್ಟರಲ್ಲಿ ಎಲಿಯಾಜರ್ ಮಾಮ ಕೋಲೂರುತ್ತ ಬಂದ. ಮುದುಕ ನಲವತ್ತು ವರ್ಷ ಮೀನಿನ ದೋಣಿಗಳ ಇಂಜಿನ್ ನೋಡಿಕೊಂಡವನು. ಊರಿಗೆಲ್ಲ ಮಾಮ. ಗೇರು ಪೆಟ್ಟಿಗೆಯ ಎಣ್ಣೆಯಲ್ಲಿ ಬೆರಳದ್ದಿ ಮೂಸಿದ, ನಾಲಿಗೆಗೂ ತಾಗಿಸಿದ.

"ಸುಟ್ಟ ವಾಸನೆ ಇಲ್ಲ. ಕಬ್ಬಿಣದ ಪುಡಿ ಇಲ್ಲ. ಹಲ್ಲು ಮುರಿದಿಲ್ಲ ಮಗಾ."

"ಹಾಗಾದ್ರೆ ಬೆಲ್ಟು," ಎಂದ ಹೆಡ್ಲಿ. "ಇಂಜಿನ್ ಕೂಗ್ತದೆ, ಗಾಲಿ ತಿರುಗಲ್ಲ. ಬೆಲ್ಟ್ ಹರಿದಿರೋದೇ."

"ಆದ್ರೆ ಇಲ್ಲಿ ಹಸಿರು ದೀಪ ಉರೀತಿದೆಯಲ್ಲ, ನ್ಯೂಟ್ರಲ್ ಅಂತ?" ಎಂದ ಲಿಯಾಂಡರ್.

"ದೀಪ ಸುಳ್ಳು ಹೇಳ್ತದೆ! ಗೇರು ನೀನೇ ಹಾಕಿದ್ದೀಯ, ನ್ಯೂಟ್ರಲ್ ಹೇಗಾಗ್ತದೆ? ಸೆನ್ಸರ್ರೂ ಹೋಗಿದೆ. ಎರಡು ಕಾಯಿಲೆ."

ಹೆಡ್ಲಿ ಪಾನಾ ಪೆಟ್ಟಿಗೆ ತಂದ. ಪಕ್ಕದ ಪ್ಲಾಸ್ಟಿಕ್ ಕವಚ ಬಿಚ್ಚಿದರು. ಅದು ಬಿಚ್ಚಲು ಕಾಲಿಡುವ ಹಲಗೆ ಬಿಚ್ಚಬೇಕಾಯಿತು, ಹಲಗೆ ಬಿಚ್ಚಲು ಮಡ್‌ಗಾರ್ಡು. ಹತ್ತೂವರೆಗೆ ಬೆಲ್ಟಿನ ಮುಚ್ಚಳ ತೆರೆಯಿತು. ಒಳಗೆ ಬೆಲ್ಟು ಹೊಸ ಮದುಮಗನ ಸೊಂಟಪಟ್ಟಿಯ ಹಾಗೆ ಗಟ್ಟಿಮುಟ್ಟಾಗಿತ್ತು.

"ನೋಡೋಕೆ ಚೆನ್ನಾಗಿದೆ," ಎಂದು ಒಪ್ಪಿದ ಹೆಡ್ಲಿ, "ಒಳಗೊಳಗೇ ಸಡಿಲ ಆಗಿರ್ತದೆ. ನನ್ನ ಹತ್ರ ಒಂದಿದೆ, ತಡಿ." ಅವನು ತಂದ ಬೆಲ್ಟು ಬೇರೆ ಗಾಡಿಯದು, ಒಂದು ಗೇಣು ಗಿಡ್ಡ. ಅದನ್ನು ಎಳೆದು ಹಾಕಲು ಅರ್ಧ ಗಂಟೆ, ಹಾಕಲಾಗುವುದಿಲ್ಲವೆಂದು ಒಪ್ಪಿಕೊಳ್ಳಲು ಮುಕ್ಕಾಲು ಗಂಟೆ.

ಲಿಯಾಂಡರನಿಗೆ ತಡೆಯಲಾಗಲಿಲ್ಲ. "ಹೆಡ್ಲಿ, ನಿನ್ನ ಗಾಡಿ ಕೊಡು. ಒಂದು ಗಂಟೇಲಿ ತಂದುಬಿಡ್ತೀನಿ."

"ಅದೆಲ್ಲಿದೆ? ಟ್ರೈಫೀನಾ ಆಗಲೇ ತಗೊಂಡು ಹೋದ್ಲಲ್ಲ."

"ಎಲ್ಲಿಗೆ?"

"ಗ್ಯಾನೆಟ್ ಜೌಗಿಗೆ. ಬೆರಿ ಹಣ್ಣಿಗೆ. ನೀನೇ ಹೇಳಿದ್ಯಲ್ಲ. ಟ್ರೈಲರ್ ಸಿಕ್ಕಿಸ್ಕೊಂಡು ನಾಲ್ಕು ಬಕೆಟ್ಟು ಒಯ್ದಿದ್ದಾಳೆ."

ಲಿಯಾಂಡರ್ ಹುಲ್ಲಿನ ಮೇಲೆ ಕೂತ. ನಡೆದು ಹೋಗೋಣವೇ ಎಂದುಕೊಂಡ. ಹೋಗಿ? ಇನ್ನೂರು ಕಿಲೋ ಮಾಂಸವನ್ನು ಜೇಬಿನಲ್ಲಿಟ್ಟುಕೊಂಡು ಬರುವುದೇ? ಈಗಲೇ ನಿಜ ಹೇಳಿಬಿಡೋಣವೇ? ಹೇಳಿದರೆ, ಬೆಳಗಿನಿಂದ ಕೈಗೆ ಎಣ್ಣೆ ಮೆತ್ತಿಕೊಂಡ ಇಬ್ಬರಿಗೂ ಒಂದೊಂದು ತೊಡೆ, ನೋಡಿದ ತಪ್ಪಿಗೆ ಟ್ರೈಫೀನಾಳಿಗೆ ಇನ್ನೊಂದು. ಬಾಯಿ ಮುಚ್ಚಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಗಾಡಿ ಟಾರ್ಪಾಲಿನ ಮೇಲೆ ಅರವತ್ತು ತುಂಡುಗಳಾಗಿ ಮಲಗಿತ್ತು. ಬ್ಯಾಟರಿ ಒಂದು ಕಡೆ, ಸೀಟು ಒಂದು ಕಡೆ. ಹೆಡ್ಲಿ ಈಗ ತಂತಿಗಳ ಹಿಂದೆ ಬಿದ್ದಿದ್ದ. ಎಲಿಯಾಜರ್ ಮಾಮ ಬಟಾಣಿ ಸಾರು ಕುಡಿಯುತ್ತ, ಸಾವಿರದೊಂಬೈನೂರ ಅರವತ್ತಾರರಲ್ಲಿ ಗೇರು ಕೈಕೊಟ್ಟ ದೋಣಿಯೊಂದರ ಕತೆ ಹೇಳುತ್ತಿದ್ದ. ಆ ಕತೆಯಲ್ಲಿ ಎಲ್ಲರೂ ಸತ್ತಿದ್ದರು.

"ಅವಸರ ಯಾಕೋ ನಿಂಗೆ?" ಎಂದ ಮಾಮ. "ಬೆರಿ ಹಣ್ಣೇನು ಎದ್ದು ಓಡ್ತದಾ?"

ಮತ್ತೆ ಎಲ್ಲ ಜೋಡಿಸಿ ಚಾಲೂ ಮಾಡಿದಾಗ ಮೂರೂವರೆ. ಇಂಜಿನ್ನು ಗುಡುಗಿತು. ಹಸಿರು ದೀಪ ನಗುತ್ತ ಉರಿಯಿತು. ಗಾಲಿ ಕದಲಲಿಲ್ಲ. ಟಾರ್ಪಾಲಿನ ಮೇಲೆ ಮೂರು ಬೋಲ್ಟು ಮಿಕ್ಕಿದ್ದವು.

"ಗೇರು ಪೆಟ್ಟಿಗೆಯನ್ನೇ ಇಳಿಸ್ಬೇಕು," ಎಂದ ಹೆಡ್ಲಿ, ತೋಳು ಏರಿಸುತ್ತ. "ಎರಡು ದಿನದ ಕೆಲಸ."

ಲಿಯಾಂಡರನ ಕಣ್ಣಲ್ಲಿ ನೀರಾಡಿತು.

ಆಗ ಡ್ರುಸಿಲ್ಲಾ ಬಟ್ಟೆ ಒಣಹಾಕಲು ಬಂದಳು. ಹಗ್ಗದ ಕೆಳಗೇ ಗಾಡಿ ನಿಂತಿತ್ತು. ಬುಟ್ಟಿಯನ್ನು ಸೀಟಿನ ಮೇಲಿಟ್ಟಾಗ ಅವಳ ಮೊಣಕೈ ಗೇರಿನ ಹಿಡಿಗೆ ತಾಗಿತು. ಹಿಡಿ ಸಲೀಸಾಗಿ ಹಿಂದಕ್ಕೆ ಹೋಯಿತು. ಅವಳು ಬಗ್ಗಿ ನೋಡಿದಳು. ಮತ್ತೆ ಹಿಡಿ ಆಡಿಸಿದಳು.

"ರೀ, ಮೇಲೆ ಹಿಡಿ ಅಲ್ಲಾಡ್ತಿದೆ, ಕೆಳಗಿನ ಸರಳು ಅಲ್ಲಾಡ್ತಾನೇ ಇಲ್ವಲ್ಲ. ಎರಡನ್ನೂ ಹಿಡಿದುಕೊಳ್ಳೋ ಪಿನ್ನೆಲ್ಲಿ?"

ಮೂವರು ಗಂಡಸರೂ ಬಗ್ಗಿದರು. ಸರಳಿನ ತುದಿಯಲ್ಲಿ ಖಾಲಿ ತೂತು. ಬೆಂಕಿಕಡ್ಡಿಯಷ್ಟು ದಪ್ಪದ ಪಿನ್ನು ಎಲ್ಲೋ ಉದುರಿತ್ತು. ನ್ಯೂಟ್ರಲ್‌ಗೆ ಬಿದ್ದ ಗೇರು ಬೆಳಗಿನಿಂದ ಅಲ್ಲೇ ಇತ್ತು. ದಿನವಿಡೀ ನಿಜ ಹೇಳಿದ್ದು ಆ ದೀಪವೊಂದೇ.

ಡ್ರುಸಿಲ್ಲಾ ಬಟ್ಟೆ ಕ್ಲಿಪ್ಪೊಂದರ ತಂತಿ ಕಿತ್ತು, ತೂತಿಗೆ ತೂರಿಸಿ ತಿರುಚಿದಳು. ಗೇರು ಹಾಕಿದೊಡನೆ ಗಾಡಿ ಮೇಕೆಯಂತೆ ನೆಗೆಯಿತು.

"ಅದನ್ನೇ ನಾನು ಹೇಳೋಕೆ ಬರ್ತಿದ್ದೆ," ಎಂದ ಹೆಡ್ಲಿ.

ಲಿಯಾಂಡರ್ ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಟ್ರೈಲರ್ ಸಿಕ್ಕಿಸಿ ಕಲ್ಲುಗುಂಡಿ ನೋಡದೆ ಓಡಿಸಿದ. ಟ್ರೈಫೀನಾ ನೋಡಿದ್ದರೂ ಸರಿ, ಒಂದು ತೊಡೆ ಕೊಟ್ಟರಾಯಿತು, ಎರಡು ಕೊಟ್ಟರೂ ಆಯಿತು ಎಂದುಕೊಂಡ. ಹಳ್ಳ ದಾಟುವಲ್ಲಿ ಎದುರಿಗೆ ಅವಳ ಗಾಡಿಯೇ ಬಂತು. ಹಿಂದಿನ ಟ್ರೈಲರಿನಲ್ಲಿ ಅವನ ಮೂಸ್, ನಾಲ್ಕೂ ತುಂಡು. ಅದರ ಹಿಂದೆ ಇನ್ನೊಂದು ಕ್ವಾಡಿನಲ್ಲಿ ವನ್ಯಜೀವಿ ಇಲಾಖೆಯ ಅಧಿಕಾರಿ ಬರ್ಸಿ.

"ನೋಡೋ ಲಿಯಾಂಡರ್, ನೀನು ಹೇಳಿದ ಬೆರಿ ಹಣ್ಣು!" ಟ್ರೈಫೀನಾ ಕಿರುಚಿದಳು. "ಯಾವನೋ ಕಳ್ಳ ಹೊಡೆದು ಬಚ್ಚಿಟ್ಟು ಹೋಗಿದ್ದಾನೆ. ನಾನೇ ಸಾಹೇಬ್ರಿಗೆ ಫೋನ್ ಮಾಡಿದ್ದು."

"ಕಳ್ಳ ಅಂತ ಯಾಕೆ..." ಲಿಯಾಂಡರ್ ಇಂಜಿನ್ ಆರಿಸಿದ.

"ಟ್ಯಾಗ್ ಇಲ್ಲ," ಎಂದ ಬರ್ಸಿ. "ಹೊಡೆದ ತಕ್ಷಣ ಪರವಾನಗಿ ಜೊತೆ ಕೊಟ್ಟ ಟ್ಯಾಗ್ ಮಾಂಸಕ್ಕೆ ಕಟ್ಟಬೇಕು, ಕಟ್ಟದೆ ಅಲ್ಲಿಂದ ಕದಲೋ ಹಾಗಿಲ್ಲ. ಸಿಕ್ಕಿದ್ರೆ ಅವನ ಬಂದೂಕೂ ಹೋಗ್ತದೆ, ಗಾಡಿಯೂ ಹೋಗ್ತದೆ."

ಬೆವರು ಒರೆಸಿಕೊಳ್ಳಲು ಕರವಸ್ತ್ರಕ್ಕೆಂದು ಲಿಯಾಂಡರ್ ಜೇಬಿಗೆ ಕೈಹಾಕಿದ. ಬೆರಳಿಗೆ ಸಿಕ್ಕಿದ್ದು ಟ್ಯಾಗು. ಮಡಿಕೆ ಕೂಡ ಬಿಚ್ಚಿರಲಿಲ್ಲ. ಕೈಯನ್ನು ಜೇಬಿನಲ್ಲೇ ಬಿಟ್ಟ.

ಬರ್ಸಿ ಅವನನ್ನು ದಿಟ್ಟಿಸಿದ. "ನಿಮಗೂ ಈ ವರ್ಷ ಪರವಾನಗಿ ಸಿಕ್ಕಿದೆ ಅಲ್ವಾ?"

"ಇವನಾ?" ಟ್ರೈಫೀನಾ ಹೊಟ್ಟೆ ಹಿಡಿದು ನಕ್ಕಳು. "ಸಾಹೇಬ್ರೆ, ಇವನನ್ನ ಕೊಟ್ಟಿಗೆಯೊಳಗೆ ಕೂಡಿಹಾಕಿದ್ರೂ ಗೋಡೆಗೆ ಗುಂಡು ತಾಗಿಸಲ್ಲ. ಇಪ್ಪತ್ತು ವರ್ಷದಲ್ಲಿ ಇವನು ಹೊಡೆದಿದ್ದು ಪಾದ್ರಿಗಳ ನೀರಿನ ತೊಟ್ಟಿ ಒಂದೇ. ಹೇಳೋ, ಸುಳ್ಳಾ?"

ಲಿಯಾಂಡರ್ ಜೇಬಿನೊಳಗೇ ಟ್ಯಾಗನ್ನು ಮುಷ್ಟಿಯಲ್ಲಿ ಮುದುಡಿದ. "ನಿಜ ಅಕ್ಕ," ಎಂದ.

"ಸರಿ, ಒಳ್ಳೇ ಸಮಯಕ್ಕೆ ಬಂದ್ರಿ," ಎಂದ ಬರ್ಸಿ. "ಇವರ ಗಾಡಿ ಭಾರಕ್ಕೆ ತಿಣುಕ್ತಿದೆ. ಮಾಂಸ ನಿಮ್ಮ ಟ್ರೈಲರಿಗೆ ಹಾಕ್ಕೊಂಡು ಆಚೆ ಊರಿನ ವೃದ್ಧಾಶ್ರಮಕ್ಕೆ ಮುಟ್ಟಿಸಿಬಿಡಿ. ಇನ್ನೂ ಕೆಟ್ಟಿಲ್ಲ. ನಾನು ಜೌಗಿನಲ್ಲೇ ಕಾಯ್ತೀನಿ. ಆ ಮಹಾಶಯ ಹುಡುಕ್ಕೊಂಡು ಬಂದೇ ಬರ್ತಾನೆ."

ನಾಲ್ಕು ತುಂಡನ್ನೂ ಲಿಯಾಂಡರ್ ತಾನೇ ಹೊತ್ತು ಹಾಕಿದ. ಗಾಡಿ ದಾರಿಯುದ್ದಕ್ಕೂ ಒಂದು ಸಲವೂ ತೊದಲಲಿಲ್ಲ.

ವೃದ್ಧಾಶ್ರಮದ ಅಡುಗೆಯವಳು ಮಾಂಸ ತಿರುಗಿಸಿ ನೋಡಿದಳು. ಪಕ್ಕೆಲುಬಿನ ನಡುವಿನ ಚಿಕ್ಕ ತೂತಿಗೆ ಬೆರಳಿಟ್ಟಳು.

"ಒಂದೇ ಗುಂಡು! ಸರಿಯಾಗಿ ಎದೆಗೆ! ಎಂಥ ಗುರಿಕಾರನಪ್ಪ," ಎಂದಳು. "ಯಾರಂತ ಗೊತ್ತೇನು?"

"ಇಲ್ಲಮ್ಮ," ಎಂದ ಲಿಯಾಂಡರ್. "ನಮ್ಮ ಕಡೆ ಅಂಥವರು ಯಾರೂ ಇಲ್ಲ."