ನಾಲ್ಕು ನಿಮಿಷ ಹದಿನೆಂಟು ಸೆಕೆಂಡು

ಮಂಡ್ಯದ ಗುತ್ತಲಿನಲ್ಲಿರುವ ನಮ್ಮ ಚಿಕ್ಕಪ್ಪ ನಿಮ್ಮ ಮನೆಗೆ ಬಂದರೆ ಮೊದಲು ಕುಡಿಯಲು ನೀರು ಕೊಡಬೇಡಿ, ಕೂರಲು ಕುರ್ಚಿಯನ್ನೂ ಹಾಕಬೇಡಿ. ಮೊದಲು ಕಂಪ್ಯೂಟರನ್ನು ಆಫ್ ಮಾಡಿ. ಯಾಕೆಂದರೆ ಅದನ್ನು ಮತ್ತೆ ಆನ್ ಮಾಡುವುದನ್ನು ನೋಡಲೆಂದೇ ಅವರು ಬಂದಿರುತ್ತಾರೆ! ಕೊರಳಲ್ಲಿ ಶೂ ಲೇಸಿಗೆ ಕಟ್ಟಿದ ಸ್ಟಾಪ್‌ವಾಚು, ಕಂಕುಳಲ್ಲಿ ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕ, ಕಿವಿಯ ಮೇಲೆ ಪೆನ್ನು. ಊರಿನಲ್ಲಿ ಬೇರೆಯವರು ನಿವೃತ್ತರಾದ ಮೇಲೆ ವಾಕಿಂಗ್ ಹೋಗುತ್ತಾರೆ, ಭಜನೆಗೆ ಹೋಗುತ್ತಾರೆ, ಕಡೇಪಕ್ಷ ಸೊಸೆಯ ಜೊತೆ ಜಗಳವನ್ನಾದರೂ ಆಡುತ್ತಾರೆ. ನಮ್ಮ ಚಿಕ್ಕಪ್ಪನಿಗೆ ಮಕ್ಕಳಿಲ್ಲ, ಆದ್ದರಿಂದ ಸೊಸೆಯೂ ಇಲ್ಲ. ಮಂಡ್ಯದಲ್ಲಿರುವ ಕಂಪ್ಯೂಟರುಗಳಲ್ಲಿ ಗುಂಡಿ ಒತ್ತಿದ ಮೇಲೆ ಯಾವುದು ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಬರೆದಿಡುವುದೇ ಅವರ ಕೆಲಸ.

ಇದರ ಮೂಲ ಜಲಪಾತದ ಪಕ್ಕದ ಬ್ಲಫ್ ಎಂಬ ಊರಿನಲ್ಲಿದೆ. ಅಲ್ಲಿನ ಜಲವಿದ್ಯುತ್ ಕೇಂದ್ರದಲ್ಲಿ ಅವರು ಮೂವತ್ತು ಚಿಲ್ಲರೆ ವರ್ಷ ಶಿಫ್ಟ್ ಆಪರೇಟರ್. ನೀರು ಬಿಟ್ಟ ಗಳಿಗೆಯಿಂದ ಯಂತ್ರ ವೇಗ ಹಿಡಿದು ಲೈನಿಗೆ ಬರುವ, ಎಂದರೆ ಕರೆಂಟು ಕೊಡತೊಡಗುವ ತನಕ ಗಡಿಯಾರ ನೋಡಿ ಬರೆದಿಟ್ಟವರು. ನಿವೃತ್ತಿಯ ದಿನ ಎಲ್ಲರಿಗೂ ಗೋಡೆ ಗಡಿಯಾರ ಕೊಡುವುದು ಅಲ್ಲಿನವರ ವಾಡಿಕೆಯಂತೆ. ಇವರು ಅದನ್ನು ಬೇಡವೆಂದು ಸ್ಟಾಪ್‌ವಾಚ್ ಕೇಳಿ ಪಡೆದರು. ಪಡೆದದ್ದೇನೋ ಸರಿ, ಅಳೆಯುವುದೇನನ್ನು? ಗುತ್ತಲಿನಲ್ಲಿ ಟರ್ಬೈನ್ ಇಲ್ಲವಲ್ಲ. ಆ ವಾರವೇ ಒಂದು ಕಂಪ್ಯೂಟರ್ ಕೊಂಡುಕೊಂಡರು.

ಅವರ ಲೆಕ್ಕದಲ್ಲಿ ಪರದೆ ಬೆಳಗಿದ ಮಾತ್ರಕ್ಕೆ ಕಂಪ್ಯೂಟರ್ ಎದ್ದಂತಲ್ಲ. ಚಿತ್ರಗಳು ಬಂದರೂ ಎದ್ದಂತಲ್ಲ. ಬರೆಯುವ ಕಿಟಕಿ ತೆರೆದು 'ಅ' ಅಂತ ಒತ್ತಿದರೆ 'ಅ' ಬೀಳಬೇಕು. ಆಗಲೇ ಅದು ಲೈನಿಗೆ ಬಂದಂತೆ. ನಾನು ಮದ್ದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು, ಸುಮ್ಮನಿರಲಾಗದೆ ಒಮ್ಮೆ ವಾದಕ್ಕಿಳಿದೆ.

"ಪರದೆ ಬಂತಲ್ಲ ಚಿಕ್ಕಪ್ಪ, ಇನ್ನೇನು ಬೇಕು?"

"ನೀನು ಇಸ್ಕೂಲ್ ಗೇಟ್ ದಾಟ್ದೇಟ್ಗೆ ಪಾಟ ಸುರುವಾಗ್‌ಬುಡ್ತದಾ? ಸ್ಟಾಪ್ ರೂಮಲ್ಲಿ ಟೀ ಕುಡಿಯೋದು ಯಾವ ಲೆಕ್ಕುಕ್ಕೆ ಬರ್ಕಳದು?"

ಅಂದಿನಿಂದ ನಾನು ವಾದ ಮಾಡಿಲ್ಲ.

ಪಕ್ಕದ ಮನೆಯ ಇಂಜಿನಿಯರರು ಮಾತ್ರ ಬಿಡಲಿಲ್ಲ. ತಮ್ಮ ವಿಂಡೋಸ್ ಒಂಬತ್ತು ಸೆಕೆಂಡಿಗೆ ಏಳುತ್ತದೆ ಎಂದು ಕಾಂಪೌಂಡಿನ ಮೇಲಿಂದ ಹೇಳಿದರು. ಚಿಕ್ಕಪ್ಪ ಹೋಗಿ ಪರೀಕ್ಷಿಸಿ, ಪುಸ್ತಕ ಮುಚ್ಚಿ ಎದ್ದೇಬಿಟ್ಟರು. "ಇದು ಆಫೇ ಆಗಿಲ್ಲ ಸಾರ್. ಅರ್ಧ ಎಚ್ಚರ ಮಡಿಕ್ಕಂಡು ಮಲಗ್ತದೆ. ನಿದ್ದೆಯಿಂದ ಎದ್ದವನ್ನೂ ಈಗ್ ತಾನೆ ಉಟ್ಟಿ ಬಂದವನ್ನೂ ಒಂದೇ ಸಾಲಲ್ಲಿ ಬರೆಯಕಾಗ್ತದಾ?" ಎಂದರು. ಶಿಫ್ಟ್ ಕೀಲಿ ಒತ್ತಿ ಹಿಡಿದು, ಪೂರ್ತಿ ಆಫ್ ಮಾಡಿಸಿ, ತಣ್ಣಗಾಗಲು ಹತ್ತು ನಿಮಿಷ ಬಿಟ್ಟು, ಮತ್ತೆ ಆನ್ ಮಾಡಿಸಿದರು. ಇಪ್ಪತ್ತಾರು ಸೆಕೆಂಡು ಹಿಡಿಯಿತು. ಇಂಜಿನಿಯರರು ಒಂದು ವಾರ ಕಾಂಪೌಂಡಿನ ಹತ್ತಿರ ಸುಳಿಯಲಿಲ್ಲ.

ನನ್ನ ಲ್ಯಾಪ್‌ಟಾಪನ್ನಾದರೂ ಬಿಟ್ಟರೇ? ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮನ್ನೂ ಕೂರಿಸಿ, "ಒಂದೇ ಮನೇಲಿ ಇಬ್ರು ಸೊಸೇರು. ಯಾರು ಮೊದ್ಲು ಎದ್ದು ಕಸ ಗುಡಿಸ್ತಾರೆ ನೋಡಮ" ಎಂದರು. ಹತ್ತು ಭಾನುವಾರ ಪರೀಕ್ಷೆ ನಡೆಯಿತು. ಏಳು ಸಲ ಲಿನಕ್ಸ್ ಗೆದ್ದಿತು. ನನ್ನ ಹುಡುಗರ ಅಂಕಪಟ್ಟಿ ಮಾತ್ರ ಯಾವ ಸೊಸೆಯ ಕೋಣೆಯಲ್ಲಿದೆ ಎಂದು ಗೊತ್ತಾಗದೆ ನಾನು ಹೆಡ್‌ಮಾಸ್ಟರರ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು.

ಇನ್ನು ಅವರ ಪುಸ್ತಕದ ವಿಚಾರ. ಪ್ರತಿ ಸಾಲಿನ ಕೊನೆಯಲ್ಲಿ ಎರಡು ಸಹಿಯ ಜಾಗ. ಬ್ಲಫ್‌ನಲ್ಲಿ ಶಿಫ್ಟ್ ಮುಗಿಸಿ ಹೊರಡುವವನು ಒಂದು ಸಹಿ, ಶಿಫ್ಟಿಗೆ ಬಂದವನು ಇನ್ನೊಂದು ಸಹಿ ಹಾಕಬೇಕಿತ್ತಂತೆ. ಎರಡನೆಯವನು ಬಂದು ಸಹಿ ಹಾಕುವ ತನಕ ಮೊದಲನೆಯವನು ಜಾಗ ಬಿಟ್ಟು ಏಳುವ ಹಾಗಿಲ್ಲ. ಆ ನಿಯಮ ಹಾಗೇ ಮುಂದುವರಿದಿದೆ. ಸಮಯ ಬರೆದು ತಮ್ಮ ಸಹಿ ಹಾಕಿ ಪುಸ್ತಕವನ್ನು ನಿಮ್ಮ ಮುಂದೆ ಚಾಚುತ್ತಾರೆ. ನೀವು ಸಹಿ ಹಾಕುವ ತನಕ ಏಳುವುದಿಲ್ಲ.

ನನ್ನ ತಂಗಿಗೆ ಮಳವಳ್ಳಿಯ ಸಂಬಂಧ ನೋಡಲು ಹೋದಾಗ ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಬಂದಿದ್ದರು. ಹಿರಿಯರೆಲ್ಲ ಜಮೀನೆಷ್ಟು, ನಾಲೆ ನೀರು ಬರುತ್ತದೆಯೇ, ಹುಡುಗನಿಗೆ ಕುಡಿತ ಇದೆಯೇ ಎಂದು ಸುತ್ತಿ ಬಳಸಿ ವಿಚಾರಿಸುತ್ತಿದ್ದರು. ಚಿಕ್ಕಪ್ಪನ ಕಣ್ಣು ಮೂಲೆಯ ಮೇಜಿನ ಕಂಪ್ಯೂಟರಿನ ಮೇಲಿತ್ತು.

"ಅದು ಅಳೇ ಆರ್ಡ್ ಡಿಸ್ಕಾ, ಎಸ್‌ಎಸ್‌ಡಿನಾ?"

ಹುಡುಗ ತಬ್ಬಿಬ್ಬಾಗಿ, "ಹಾರ್ಡ್ ಡಿಸ್ಕು. ಒಳಗೆ ತಟ್ಟೆ ತಿರುಗುತ್ತಲ್ಲ, ಅದು" ಎಂದ.

"ಆನ್ ಮಾಡಿ ನೋಡಮ."

ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಬೀಗ್ರು ಮನೇಲಿ ಮರ್ವಾದೆ ತೆಗೀಬ್ಯಾಡಿ, ಕುಂತ್ಕಳಿ ಸುಮ್ನೆ" ಎಂದು ಗದರಿದರು. ಅಷ್ಟರಲ್ಲಿ ಸ್ಟಾಪ್‌ವಾಚ್ ಓಡುತ್ತಿತ್ತು. ಮೂರು ನಿಮಿಷ ಐದು ಸೆಕೆಂಡು. ಅಷ್ಟು ಹೊತ್ತೂ ಹುಡುಗ ಒಂದು ಬೈಗುಳವನ್ನೂ ಆಡಲಿಲ್ಲ, ಮೇಜನ್ನೂ ಕುಟ್ಟಲಿಲ್ಲ, ಇವರ ಜೊತೆ ನೆಲಗಡಲೆ ಬೆಳೆಯ ಬಗ್ಗೆ ಮಾತಾಡುತ್ತ ಕುಳಿತಿದ್ದ. ಚಿಕ್ಕಪ್ಪ ಪುಸ್ತಕ ಮುಚ್ಚಿ ನಮ್ಮಪ್ಪನಿಗೆ ಹೇಳಿದರು: "ಎಣ್ಣು ಕೊಡಬೋದು ಕಣಣ್ಣ. ಉಡುಗುನ್ಗೆ ಕಾಯಕೆ ಬತ್ತದೆ." ಎರಡನೇ ಸಹಿಯನ್ನು ಹುಡುಗನಿಂದಲೇ ಹಾಕಿಸಿದರು. ಮದುವೆಯಾಗಿ ಐದು ವರ್ಷವಾಯಿತು. ಉಳಿದವರು ವಿಚಾರಿಸಿದ್ದರಲ್ಲಿ ಜಮೀನಿನ ಲೆಕ್ಕವೂ ತಪ್ಪಿತ್ತು, ನಾಲೆ ನೀರಿನ ಲೆಕ್ಕವೂ ತಪ್ಪಿತ್ತು, ಚಿಕ್ಕಪ್ಪ ಹೇಳಿದ್ದೊಂದೇ ಸರಿಯಾಗಿತ್ತು ಎಂದು ನನ್ನ ತಂಗಿ ಇವತ್ತಿಗೂ ಹೇಳುತ್ತಾಳೆ.

ಮದ್ದೂರಿನ ಒಂದು ಕಚೇರಿಯಲ್ಲಿ, ಯಾವುದೆಂದು ಮಾತ್ರ ಕೇಳಬೇಡಿ, ನನಗೊಂದು ದೃಢೀಕರಣ ಪತ್ರ ಬೇಕಾಗಿತ್ತು. ಗುಮಾಸ್ತರು ಕಂಪ್ಯೂಟರಿನ ಗುಂಡಿ ಒತ್ತಿದ್ದೇ ತಡ, ಜೊತೆಗೆ ಬಂದಿದ್ದ ಚಿಕ್ಕಪ್ಪ ಸ್ಟಾಪ್‌ವಾಚ್ ಹಿಡಿದು ನಿಂತರು. ಗುಮಾಸ್ತರು ಆ ಸ್ಟಾಪ್‌ವಾಚ್ ನೋಡಿದರು, ಆ ಪುಸ್ತಕ ನೋಡಿದರು, ಕಿವಿಯ ಮೇಲಿನ ಪೆನ್ನು ನೋಡಿದರು. ತಪಾಸಣೆಗೆ ಮೇಲಿನವರು ಬಂದಿದ್ದಾರೆ ಎಂದು ಅವರು ಅಂದುಕೊಂಡಿರಬೇಕು. ಕ್ಷಣದಲ್ಲಿ ಕುರ್ಚಿ ಬಂತು, ಎಳನೀರು ಬಂತು. ಐದು ನಿಮಿಷ ಹನ್ನೊಂದು ಸೆಕೆಂಡು ಎಂದು ಬರೆದು ಚಿಕ್ಕಪ್ಪ ಸಹಿಗೆ ಪುಸ್ತಕ ಚಾಚಿದಾಗ ಗುಮಾಸ್ತರು ಎದ್ದು ನಿಂತರು. "ಸಾರ್, ಹೊಸದು ಬೇಕು ಅಂತ ನಾನು ಮೂರು ಸಲ ಬರೆದಿದೀನಿ ಸಾರ್" ಎಂದರು. ನನ್ನ ಪತ್ರ ಅಂದೇ ಕೈಗೆ ಸಿಕ್ಕಿತು!

ಹೀಗೆ ನಗುತ್ತಲೇ ಇರಬಹುದಿತ್ತು. ಎರಡು ವರ್ಷದ ಹಿಂದೆ ಚಿಕ್ಕಮ್ಮ ತೀರಿಕೊಂಡರು. ಮೂರು ದಿನದ ಜ್ವರವಷ್ಟೇ, ಅಷ್ಟಕ್ಕೇ ಹೀಗಾಗುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಆಮೇಲೆ ಚಿಕ್ಕಪ್ಪನ ಹುಚ್ಚು ಹೆಚ್ಚಾಯಿತು. ಮೊದಲು ವಾರಕ್ಕೊಂದು ಮನೆಗೆ ಹೋಗುತ್ತಿದ್ದವರು ದಿನಕ್ಕೆ ಮೂರು ಮನೆಗೆ ಹೋಗತೊಡಗಿದರು. ಬೀದಿಯವರು ಎಷ್ಟು ದಿನ ತಡೆದಾರು? ಕಾಕತಾಳೀಯವೋ ಏನೋ, ಒಬ್ಬೊಬ್ಬರೇ ಎಸ್‌ಎಸ್‌ಡಿ ಹಾಕಿಸಿಕೊಂಡರು. ಅದರೊಳಗೆ ತಿರುಗುವ ತಟ್ಟೆಯೂ ಇಲ್ಲ, ಸದ್ದೂ ಇಲ್ಲ, ಒತ್ತಿದರೆ ಎದ್ದುಬಿಡುತ್ತದೆ. ಮುಂಚೆ ಒಂದು ಮನೆಯಲ್ಲಿ ನಾಲ್ಕೈದು ನಿಮಿಷ ಕೂರಲು ಸಿಗುತ್ತಿತ್ತು, ಆ ಹೊತ್ತಿನಲ್ಲಿ ಕಾಫಿಯೂ ಬರುತ್ತಿತ್ತು, ಮನೆಯವರ ಕಷ್ಟಸುಖವೂ ಬರುತ್ತಿತ್ತು. ಈಗ ಹನ್ನೆರಡು ಸೆಕೆಂಡು. "ಆಯ್ತಲ್ಲ ಸಾರ್, ಎಲ್ಲಿ ಸಹಿ?" ಎಂದು ಮನೆಯವರೇ ಕೇಳಿ ಸಹಿ ಹಾಕಿ, ಕಳಿಸಲು ಬಾಗಿಲವರೆಗೆ ಬಂದುಬಿಡುತ್ತಾರೆ. ಚಿಕ್ಕಪ್ಪ ಒಂದು ಬೀದಿಯನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಮನೆಗೆ ಬಂದು ಒಬ್ಬರೇ ಕೂರುತ್ತಿದ್ದರು.

ಒಂಟಿ ಮನೆ ಎಂದರೇನೆಂದು ನನಗೂ ಗೊತ್ತು. ಮದ್ದೂರಿನ ನನ್ನ ಬಾಡಿಗೆ ಮನೆಯಲ್ಲೇ ಉಳಿದರೆ ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆಯ ತನಕ ನನ್ನ ದನಿಯನ್ನು ನಾನೇ ಕೇಳಿರುವುದಿಲ್ಲ. ಭಾನುವಾರ ಮಂಡ್ಯದ ಬಸ್ಸು ಹತ್ತುವುದು ಚಿಕ್ಕಪ್ಪನಿಗಾಗಿ ಎಂದು ಎಲ್ಲರಿಗೂ ಹೇಳುತ್ತೇನೆ, ಅದು ಪೂರ್ತಿ ನಿಜವಲ್ಲ. ಹೀಗಿರುವಾಗ ನಾನಾದರೂ ಅರ್ಥ ಮಾಡಿಕೊಳ್ಳಬೇಕಿತ್ತು. ಮಾಡಿಕೊಳ್ಳಲಿಲ್ಲ.

ಊರೆಲ್ಲ ಹೊಸದಾದರೂ ಅವರ ಮನೆಯ ಕಂಪ್ಯೂಟರಿನಲ್ಲಿ ಹಳೆಯ ಹಾರ್ಡ್ ಡಿಸ್ಕೇ ಇತ್ತು. ಕಿರ್ರ್ ಕಿರ್ರ್ ಎನ್ನುತ್ತ ನಾಲ್ಕು ನಿಮಿಷ ಹದಿನೆಂಟು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಪಾಪ, ತನಗೆ ಅಂತ ಏನೂ ಮಾಡಿಸಿಕೊಂಡಿಲ್ಲ ಎಂದು ನನಗೆ ಕರುಳು ಚುರುಕ್ಕೆಂದಿತು. ಅವರು ಎರಡು ದಿನ ಮಳವಳ್ಳಿಗೆ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ನಾಮಕರಣಕ್ಕೆ ಹೋದಾಗ, ಪೇಟೆಯ ರಿಪೇರಿಯವರನ್ನು ಕರೆಸಿ, ಒಳಗಿದ್ದದ್ದನ್ನೆಲ್ಲ ಹೊಸ ಎಸ್‌ಎಸ್‌ಡಿಗೆ ಹಾಕಿಸಿ ಕೂರಿಸಿದೆ. ಹಳೆಯ ಡಿಸ್ಕನ್ನು ಒಂದು ಕವರಿನಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡು, ಮದ್ದೂರಿನ ಮನೆಯ ಅಟ್ಟದ ಮೇಲೆ ಎಸೆದೆ.

ಅವರು ಶನಿವಾರ ರಾತ್ರಿ ಹಿಂತಿರುಗಿದರು, ನಾನೂ ಅಂದೇ ಬಂದು ಉಳಿದೆ. ಮರುದಿನ ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಎಂದರೆ ಬ್ಲಫ್‌ನಲ್ಲಿ ಶಿಫ್ಟ್ ಬದಲಾಗುತ್ತಿದ್ದ ಹೊತ್ತಿಗೆ, ನಾನು ಅಲ್ಲೇ ಇದ್ದೆ. ಅವರು ಎರಡು ಲೋಟ ಕಾಫಿ ತಂದು ಮೇಜಿನ ಮೇಲಿಟ್ಟರು. ಒಂದು ನನಗೆ ಎಂದುಕೊಂಡು ನಾನು ಎತ್ತಿಕೊಂಡೆ. ಸ್ಟಾಪ್‌ವಾಚ್ ಒತ್ತಿದರು, ಗುಂಡಿ ಒತ್ತಿದರು, ಎಂದಿನಂತೆ ಕುರ್ಚಿಗೆ ಒರಗಿ ಅಡುಗೆಮನೆಯ ಕಡೆ ತಿರುಗಿದರು. ಅಷ್ಟರಲ್ಲಿ ನಾನು 'ಅ' ಒತ್ತಿ ಆಗಿತ್ತು.

"ಆಯ್ತಾ?" ಎಂದರು.

"ಆಯ್ತು ಚಿಕ್ಕಪ್ಪ. ಹದಿಮೂರು ಸೆಕೆಂಡು."

ಅವರು ಬರೆದುಕೊಂಡು ಸಹಿ ಹಾಕಿದರು. ಕಂಪ್ಯೂಟರನ್ನು ಎಷ್ಟು ಸುಧಾರಿಸಿದ್ದೇನೆ ನೋಡೋಣ ಎಂಬ ಹಮ್ಮಿನಲ್ಲಿ ಪುಸ್ತಕ ಎಳೆದುಕೊಂಡು ಹಿಂದಿನ ಹಾಳೆಗಳನ್ನು ತಿರುವಿದೆ. ಈ ಮನೆಯ ಕಂಪ್ಯೂಟರಿಗೆ ಪ್ರತಿದಿನವೂ ಒಂದು ಸಾಲಿತ್ತು. ಬೆಳಿಗ್ಗೆ ಆರು, ನಾಲ್ಕು ನಿಮಿಷ ಚಿಲ್ಲರೆ, ಅವರ ಸಹಿ, ಅದರ ಪಕ್ಕದಲ್ಲಿ ಸ್ಲೇಟಿನ ಮೇಲೆ ತಿದ್ದಿದ ಹಾಗೆ ದಪ್ಪ ಅಕ್ಷರದ ಚಿಕ್ಕಮ್ಮನ ಸಹಿ. ಹಾಳೆಯ ಮೇಲೆ ಹಾಳೆ, ವರ್ಷಗಟ್ಟಲೆ. ಆಮೇಲೆ ಒಂದು ದಿನದಿಂದ ಆ ಜಾಗ ಖಾಲಿ. ಹಾಲಿನವರ ಸಹಿ, ಪೋಸ್ಟಿನವರ ಸಹಿ, ಬೀದಿಯ ಎಲ್ಲರ ಸಹಿಯೂ ಬೇರೆ ಸಾಲುಗಳಲ್ಲಿದ್ದವು. ಈ ಸಾಲಿನಲ್ಲಿ ಮಾತ್ರ ಎರಡು ವರ್ಷದಿಂದ ಯಾರದೂ ಇರಲಿಲ್ಲ.

"ಇಲ್ಲಿ ಯಾಕೆ ಯಾರ ಹತ್ತಿರವೂ ಹಾಕಿಸಿಲ್ಲ?"

"ಅದು ನಿಮ್ ಚಿಕ್ಕವ್ವನ್ ಜಾಗ ಕಣವ್ವ." ಸ್ಟಾಪ್‌ವಾಚಿನ ಲೇಸನ್ನು ಬೆರಳಿಗೆ ಸುತ್ತಿಕೊಂಡು ಬಿಡಿಸುತ್ತ ನಿಧಾನವಾಗಿ ಹೇಳಿದರು. "ಬ್ಲಫ್‌ನಲ್ಲಿ ಇದ್ದಷ್ಟು ದಿನ ನಾನು ಬಂದಾಗ ಅವ್ಳು ಮಲಗಿರೋಳು, ಅವ್ಳು ಎದ್ದಾಗ ನಾನು ಓಗಿರೋನು. ರಿಟೇರಾದ್ ಮ್ಯಾಕೆ ಇದನ್ನ ಆನ್ ಮಾಡಿ ಕೂಗೋನು. ಕಾಪಿ ಇಡ್ಕಂಡು ಬಂದು ಆ ಕುರ್ಚೀಲಿ ಕುಂತ್ಕಂಡು ಮಾತಾಡೋಳು. ಇದು ಎದ್ದೇಟ್ಗೆ ಸಯ್ನಾಕಿ ಕೆಲ್ಸಕ್ಕೆ ಓಗೋಳು. ಈಗ್ಲೂ ಆ ನಾಕ್ ನಿಮ್ಸ ಬತ್ತಾಳೇನೋ ಅಂತ ಕುಂತಿರ್ತೀನಿ."

ನಾನು ಕಾಫಿ ಲೋಟವನ್ನು ಕೆಳಗಿಟ್ಟೆ. ಅದು ಯಾರಿಗಾಗಿ ತಂದದ್ದೆಂದು ಆಗ ಗೊತ್ತಾಯಿತು.

"ನೀನು ಒಳ್ಳೇದ್ಕೆ ಮಾಡಿದ್ದೀಯ ಬುಡು. ಆದ್ರೆ ಅದಿಮೂರು ಸೆಕೆಂಡಲ್ಲಿ ಅವ್ಳು ಅಡ್ಗೆಮನೆ ವಸ್ಲೂ ದಾಟಕಿಲ್ಲ ಕಣವ್ವ. ಮಂಡಿ ನೋವು ಅವ್ಳಿಗೆ."

ನಾನು ಅಲ್ಲೇ ಅತ್ತುಬಿಟ್ಟೆ. ನಾಚಿಕೆಯೂ ಆಯಿತು. ತಿಂಡಿಗೂ ನಿಲ್ಲದೆ ಮೊದಲ ಬಸ್ಸಿಗೆ ಮದ್ದೂರಿಗೆ ಹೋಗಿ, ಅಟ್ಟ ಹತ್ತಿ, ಆ ಕವರನ್ನು ಹುಡುಕಿ ಎದೆಗೊತ್ತಿ ಹಿಡಿದುಕೊಂಡು ವಾಪಸು ಬಂದೆ. ರಿಪೇರಿಯವರು ಹಳೆಯ ಡಿಸ್ಕನ್ನು ಮತ್ತೆ ಕೂರಿಸುತ್ತ, "ಎಸ್‌ಎಸ್‌ಡಿ ತೆಗ್ದು ಇದನ್ನ ಆಕ್ಸೋರ್ನ ನಾನು ನೋಡೇ ಇಲ್ಲ ಮೇಡಂ. ಅದೂ ಇದು ಸವ್ದೋಗದೆ, ಎಷ್ಟು ದಿನ ಬತ್ತದೋ ಏಳಕಾಗಲ್ಲ" ಎಂದರು. ಎಷ್ಟು ದಿನ ಬರುತ್ತದೋ ಬರಲಿ ಎಂದೆ.

ಆ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಆರಕ್ಕೆ ಚಿಕ್ಕಪ್ಪ ಮೂರು ಲೋಟ ಕಾಫಿ ತಂದರು. ನಾನು ಆ ಕುರ್ಚಿ ಬಿಟ್ಟು ಬಾಗಿಲ ಹತ್ತಿರ ನೆಲದ ಮೇಲೆ ಕುಳಿತೆ. ಗುಂಡಿ ಒತ್ತಿದರು. ಕಿರ್ರ್ ಎಂದಿತು. ಅವರು ಅಡುಗೆಮನೆಯ ಕಡೆ ತಿರುಗಿ ಕುಳಿತರು, ನಾನೂ ಆ ಕಡೆಯೇ ನೋಡುತ್ತಿದ್ದೆ. ಕೊನೆಗೆ ಅವರೇ 'ಅ' ಒತ್ತಿ, ಸ್ಟಾಪ್‌ವಾಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವರ ಮುಖದಲ್ಲಿ ಎರಡು ವರ್ಷದಿಂದ ನಾನು ಕಾಣದಿದ್ದ ಒಂದು ನಗೆ ಬಂತು.

"ಇವತ್ತು ನಾಕು ಸೆಕೆಂಡು ಜಾಸ್ತಿ ಕೊಡ್ತು ಕಣವ್ವ."